ಕಂಡದ್ದೆಲ್ಲ ಬಾಯಿಬಿಟ್ಟು

ಮಾರ್ಚ್ 4, ಬೆಳಗ್ಗೆ 6.40
ಇವತ್ತೂ ಬಾಯಿ ಒಣಗಿತು. ಡಿಪೋದಿಂದ ಲ್ಯಾಬ್‌ವರೆಗೆ ಒಂದೇ ಸಮನೆ ಮಾತು. "ಮುಂದೆ ಬಸ್ಸು, ಬ್ರೇಕ್ ಲೈಟು ಹತ್ತಿದೆ, ಯಾರಾದ್ರೂ ಇಳೀಬಹುದು, ನಿಧಾನ ಮಾಡ್ತೀನಿ..." ಕಂಡದ್ದು, ಆಗಬಹುದಾದದ್ದು, ನಾನು ಮಾಡುವುದು, ಎಲ್ಲ ಹೇಳುತ್ತಲೇ ಓಡಿಸಬೇಕು. ಆಂಬುಲೆನ್ಸ್ ಡ್ರೈವರ್ ಪರೀಕ್ಷೆಯಲ್ಲಿ ಅದೇ ದೊಡ್ಡ ಭಾಗ. ಹದಿನಾಲ್ಕು ವರ್ಷ ರಕ್ತದ ಸ್ಯಾಂಪಲ್ ಹೊತ್ತ ವ್ಯಾನು ಓಡಿಸಿದ್ದೇನೆ, ಒಂದು ಗೀರೂ ಬಿದ್ದಿಲ್ಲ. ಮಾತಾಡಿದರೆ ಮಾತ್ರ ಕೈ ತಡವರಿಸುತ್ತದೆ. ವಿಚಿತ್ರ.

ಮಾರ್ಚ್ 5
ತರಬೇತಿ ಕೊಡುವ ಮೇಷ್ಟ್ರು ಪಕ್ಕದಲ್ಲಿ ಕೂತಿದ್ದರು. "ಇದೇನು ದಿನಸಿ ಚೀಟೀನಾ, ಸುಮ್ನೆ ಓದ್ಕೊಂಡು ಹೋಗೋಕೆ? ಆ ಕಾರು ಏನು ಮಾಡಬಹುದು, ಅದನ್ನ ಹೇಳಿ." ಮಧ್ಯಾಹ್ನ ಹಾಗೇ ಮಾಡಿದೆ. ನಿಂತ ಕಾರು, ಮುಂದಿನ ಚಕ್ರ ತಿರುಗಿದೆ, ಹೊರಡಬಹುದು... ಹೊರಟೇಬಿಟ್ಟಿತು! ರಸ್ತೆ ಇಷ್ಟು ದಿನವೂ ಇಷ್ಟೆಲ್ಲ ಹೇಳುತ್ತಿತ್ತೇ?

ಮಾರ್ಚ್ 9
ರೂಢಿಯಾಯಿತು. ಅಡುಗೆಮನೆಯಲ್ಲೂ ಶುರು. "ಎದುರಿಗೆ ಗಂಡ, ಕೈಯಲ್ಲಿ ಬಿಸಿ ಪಾತ್ರೆ, ತಿರುಗಬಹುದು, ನಾನು ಇಲ್ಲೇ ನಿಲ್ತೀನಿ." ಇವರು ನಕ್ಕ ರಭಸಕ್ಕೆ ಪಾತ್ರೆ ಬೀಳುವುದರಲ್ಲಿತ್ತು. ದಿನವೂ ಫೋನಿನಲ್ಲಿ ರೆಕಾರ್ಡ್ ಮಾಡಬೇಕಂತೆ, ಮೇಷ್ಟ್ರ ಅಪ್ಪಣೆ.

ಮಾರ್ಚ್ 12, ಸಂಜೆ
ಇವರದು ಇಸ್ತ್ರಿ ಅಂಗಡಿ. ನನ್ನ ರೆಕಾರ್ಡಿಂಗ್ ಹಾಕಿಕೊಂಡು ಶರ್ಟು ತೀಡುತ್ತಿದ್ದರು. ನಾಲ್ಕನೇ ಶರ್ಟಿಗೆ ಕೈ ನಿಲ್ಲಿಸಿದರು.
"ಏನೇ, ಈ ಊರಿಗೆ ಎಡಗಡೆ ಅನ್ನೋದೇ ಇಲ್ವಾ?"
"ಅಂದ್ರೆ?"
"ಬಲಗಡೆ ಸೈಕಲ್ಲು, ಬಲಗಡೆ ಗೇಟು, ಎದುರಿಗೆ ಲಾರಿ. ಎಡಗಡೆ ಅಂತ ಒಂದು ಸಲಾನೂ ಬರ್ಲಿಲ್ಲ."
ರೇಗಿದೆ. ಆಮೇಲೆ ಕೂತು ಎಣಿಸಿದೆ. ನಾಲ್ಕು ರೆಕಾರ್ಡಿಂಗ್. ಬಲ ಅರವತ್ತೆರಡು. ಎಡ ಮೂರು. ಮೂರೂ ಬಸ್ಸು.

ಮಾರ್ಚ್ 13
ಪ್ರಯೋಗ. ನಾನು ಕುರ್ಚಿಯಲ್ಲಿ, ಕಣ್ಣು ಗೋಡೆ ಗಡಿಯಾರದ ಮೇಲೆ. ಇವರು ಎಡಗಡೆ ಕೆಳಗಿನಿಂದ ಚಮಚ ತಂದರು.
"ಕಾಣ್ತಾ?" "ಇಲ್ಲ." "ಈಗ?" "ಇಲ್ಲ, ನೀವು ತಂದೇ ಇಲ್ಲ."
ಕಣ್ಣು ಇಳಿಸಿದೆ. ಚಮಚ ನನ್ನ ಮೊಣಕಾಲಿನ ಮೇಲಿತ್ತು. ಇಬ್ಬರೂ ನಗಲಿಲ್ಲ.

ಮಾರ್ಚ್ 14
ವ್ಯಾನು ತೆಗೆದುಕೊಂಡು ಹೋದೆ. ಹೋಗಬಾರದಿತ್ತು. ಪ್ರತಿ ತಿರುವಿನಲ್ಲೂ ಕತ್ತು ಎಡಕ್ಕೆ. ಎಷ್ಟೊಂದು ಕಂಬ, ಎಷ್ಟೊಂದು ಜನ! ಲ್ಯಾಬ್ ಗೇಟಿನ ಹತ್ತಿರ ಗುಡಿಸುವಾಕೆ ಕೈ ಎತ್ತಿದಳು. ನಾನೂ ಎತ್ತಿದೆ. ಓಡಿ ಬಂದಳು.
"ಅಬ್ಬಾ, ಇವತ್ತಾದ್ರೂ ನೋಡಿದ್ರಲ್ಲ! ಒಂದು ವರ್ಷದಿಂದ ದಿನಾ ಕೈ ಬೀಸ್ತಿದೀನಿ. ನಿಮ್ಗೆ ಜಂಬ ಅಂದ್ಕೊಂಡಿದ್ದೆ."
ಒಂದು ವರ್ಷ. ಆಕೆ ನನ್ನ ಚಕ್ರದಿಂದ ಎರಡು ಅಡಿ ದೂರದಲ್ಲಿ ನಿಲ್ಲುತ್ತಾಳೆ.

ಮಾರ್ಚ್ 19
ನಾಲ್ಕು ದಿನ ರಜೆ, ಮನೆಯಲ್ಲೇ. ಇವತ್ತು ಕಣ್ಣಿನ ಡಾಕ್ಟರು. ಕತ್ತಲೆ ಡಬ್ಬಿಯಲ್ಲಿ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು. ಯಂತ್ರದಿಂದ ಬಂದ ಕಾಗದದ ಮೇಲೆ ಎಡಗಡೆಯ ಕೆಳಮೂಲೆ ಕಪ್ಪು, ಎರಡೂ ಕಣ್ಣಿನದು. "ಕಣ್ಣು ಸರಿಯಾಗಿದೆ. ಹಿಂದೆ ಯಾವಾಗಲಾದ್ರೂ ಜೋರು ತಲೆನೋವು?" ಬಂದಿತ್ತು, ಹೋದ ವರ್ಷ. ಎರಡು ದಿನ ಮಲಗಿದ್ದೆ. ಮೆದುಳಿನ ಒಂದು ಚೂರಿಗೆ ರಕ್ತ ಹೋಗದೆ ನಿಂತಿರಬಹುದಂತೆ. ಸ್ಕ್ಯಾನ್ ಆಗಬೇಕು. "ಖಾಲಿ ಜಾಗ ಕಪ್ಪಾಗಿ ಕಾಣಲ್ಲಮ್ಮ. ಅಲ್ಲಿ ಏನೋ ಇಲ್ಲ ಅಂತಾನೇ ಗೊತ್ತಾಗಲ್ಲ." ಸ್ಕ್ಯಾನ್ ಆಗುವವರೆಗೆ ಗಾಡಿ ಮುಟ್ಟುವಂತಿಲ್ಲ.
ಪರೀಕ್ಷೆ ನಾಡಿದ್ದು. ಕತ್ತು ತಿರುಗಿಸಿದರೆ ಪಾಸಾಗುತ್ತೇನೆ, ಖಂಡಿತ. ಯಾರಿಗೂ ಗೊತ್ತಾಗುವುದಿಲ್ಲ.

ಮಾರ್ಚ್ 20
ಮೇಷ್ಟ್ರಿಗೆ ಹೇಳಿಬಿಟ್ಟೆ. ವ್ಯಾನಿನ ಕೀಲಿ ಮೇಜಿನ ಮೇಲಿಟ್ಟೆ. ಅದನ್ನು ಎತ್ತಿಕೊಂಡರು. "ಐದು ಪಾಠ ನಾನು ಪಕ್ಕದಲ್ಲೇ ಕೂತಿದ್ದೆ. ನನಗೂ ಕಾಣ್ಲಿಲ್ವಲ್ರೀ." ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇವರು ಬಾಗಿಲ ಹೊರಗೆ ನಿಂತಿದ್ದರು, ಗೊತ್ತಿತ್ತು.

ಏಪ್ರಿಲ್ 28, ಬೆಳಗ್ಗೆ 7.10, ಬಸ್ಸಿನಲ್ಲಿ
ಸ್ಕ್ಯಾನ್ ಆಯಿತು. ಮೆದುಳಿನಲ್ಲಿ ಹಳೆಯ ಗಾಯ, ಹರಡುತ್ತಿಲ್ಲ. ಮಾತ್ರೆ ದಿನಕ್ಕೆರಡು. ಹೋದ ಮೂಲೆ ವಾಪಸ್ ಬರುವುದಿಲ್ಲ. ಈಗ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕೆಲಸ. ಮೇಷ್ಟ್ರು ಹೊಸಬರ ರೆಕಾರ್ಡಿಂಗ್ ಕಳಿಸುತ್ತಾರೆ, "ಇವ್ರು ಏನು ಹೇಳ್ತಿಲ್ಲ, ಅದನ್ನ ಕೇಳಿಸ್ಕೊಳ್ಳಿ" ಅಂತ. ನಿನ್ನೆಯವಳು ಒಮ್ಮೆಯೂ ಕನ್ನಡಿ ಎನ್ನಲಿಲ್ಲ. ಬರೆದು ಕಳಿಸಿದೆ.
ಎಡ ಕಿಟಕಿಗೆ ಕೂತಿದ್ದೇನೆ, ಕತ್ತು ಪೂರ್ತಿ ತಿರುಗಿಸಿ. ಹಳೆಯ ರಸ್ತೆಯೇ. ಇಲ್ಲೊಂದು ಕೊಡೆ ರಿಪೇರಿ ಅಂಗಡಿ, ಯಾವಾಗ ಬಂತು? ಪಕ್ಕದಲ್ಲಿ ನೀಲಿ ಬಾಗಿಲು. ಮೆಟ್ಟಿಲ ಮೇಲೆ ಅಜ್ಜ ಶೂ ಲೇಸು ಕಟ್ಟುತ್ತಿದ್ದಾನೆ, ಏಳಬಹುದು, ರಸ್ತೆಗೆ ಇಳಿಯಬಹುದು, ಆಚೆ ಒಂದು— ಅಯ್ಯೋ, ನನ್ನ ಸ್ಟಾಪು