ಹದಿಮೂರು ಪಾಲು ಮಾರಿದ ಬುಟ್ಟಿ

ಬೋಳೂರು, ಮಂಗಳೂರು
೬ ಮಾರ್ಚಿ ೧೯೩೮

ಚಿ. ಹರಿಣಾಕ್ಷಿಗೆ ಸೋದರಮಾವ ಗಿರಿಯಪ್ಪನ ಪ್ರೀತಿಯ ಆಶೀರ್ವಾದ.

ನಿನ್ನ ಕಾಗದ ಬಂದು ವಾರವಾಯಿತು. ತಡವಾದದ್ದಕ್ಕೆ ಮುನಿಯಬೇಡ. ನನ್ನನ್ನು ಕೇಳದೆ ಈ ಕಡಲಕರೆಯಲ್ಲಿ ಯಾರೂ ಬಲೆಯನ್ನು ಒಣಗಲಿಕ್ಕೂ ಹಾಕುವುದಿಲ್ಲ ಎಂದು ನಿನಗೆ ಗೊತ್ತುಂಟಲ್ಲ. ನಿನ್ನಮ್ಮ ಜಗಲಿಯಲ್ಲಿ ಚಾಪೆ ಹಾಸಿಕೊಂಡಿದ್ದಾಳೆ, ಗಾಳಿ ಬೇಕಂತೆ. ನಿನ್ನ ಬೆಕ್ಕು ಅವಳ ಕಾಲ ಬುಡದಿಂದ ಏಳುವುದಿಲ್ಲ.

ಈಗ ನಿನ್ನ ವಿಷಯ. "ಭಿನ್ನರಾಶಿ ನನ್ನ ತಲೆಗೆ ಹತ್ತುವುದಿಲ್ಲ ಮಾವ. ಪರೀಕ್ಷೆಗೆ ಕೂರುವುದಿಲ್ಲ, ಊರಿಗೆ ಬಂದು ಅಮ್ಮನ ಮೀನಿನ ಬುಟ್ಟಿ ಹೊರುತ್ತೇನೆ" ಎಂದು ಬರೆದಿದ್ದಿ. ನಮ್ಮ ಕುಟುಂಬದಲ್ಲಿ ಟೀಚರಾಗಲು ಹೊರಟವಳು ನೀನೊಬ್ಬಳೇ. ಪರೀಕ್ಷೆ ಹತ್ತಿರ ಬಂದಾಗ ಓಡಿ ಬರುವುದಾ? ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಾಡಿಸಿ ಕಲಿತ ಈ ಮಾವನ ಮುಂದೆ ನಿಮ್ಮ ಪುಸ್ತಕದ ಲೆಕ್ಕ ಎಷ್ಟರದ್ದು! ಕಣ್ಣು ಮಿಟುಕಿಸುವುದರೊಳಗೆ ಬಿಡಿಸಿದೆ. (ಮಿಟುಕಿಸಲು ಮೂರು ದಿನ ಹಿಡಿಯಿತು, ಅದು ಬೇರೆ.)

ಲೆಕ್ಕ ಇದು: ಮೀನಿನವಳೊಬ್ಬಳು ಮೊದಲ ಮನೆಯಲ್ಲಿ ಬುಟ್ಟಿಯ ಅರ್ಧ ಮೀನು ಮಾರಿದಳು. ಎರಡನೇ ಮನೆಯಲ್ಲಿ ಉಳಿದದ್ದರ ಮೂರನೇ ಒಂದು ಪಾಲು, ಮೂರನೇ ಮನೆಯಲ್ಲಿ ಮತ್ತೂ ಉಳಿದದ್ದರ ನಾಲ್ಕನೇ ಒಂದು ಪಾಲು. ಕೊನೆಗೆ ಆರು ಮೀನು ಉಳಿದವು. ಮೊದಲು ಎಷ್ಟಿದ್ದವು?

ನೀನು ಅರ್ಧ, ಮೂರನೇ ಒಂದು, ನಾಲ್ಕನೇ ಒಂದು ಎಲ್ಲವನ್ನೂ ಕೂಡಿಸಿದೆ. ಹನ್ನೆರಡು ಪಾಲಿನ ಬುಟ್ಟಿಯಿಂದ ಹದಿಮೂರು ಪಾಲು ಮಾರಿಬಿಟ್ಟೆ! ನಿಮ್ಮ ಕ್ರಿಸ್ಟಿನ್ ಟೀಚರು ನಕ್ಕರಂತೆ, ಕ್ಲಾಸೂ ನಕ್ಕಿತಂತೆ. ನಾನು ಮರಳಿನಲ್ಲಿ ಚಿಪ್ಪು ಜೋಡಿಸಿ ಲೆಕ್ಕ ಹಾಕುತ್ತಿದ್ದಾಗ ನೆರೆಮನೆಯ ಹವ್ವಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ಎಂತ ಗಿರಿಯಪ್ಪಣ್ಣ, ಈ ವಯಸ್ಸಿನಲ್ಲಿ ಚಿಪ್ಪಿನ ಆಟ?" ವಿಷಯ ಹೇಳಿದೆ. "ಅಂಥ ಬುಟ್ಟಿ ಸಿಕ್ಕಿದ್ರೆ ನನಗೂ ಒಂದು ತನ್ನಿ ಮಾರಾಯ್ರೆ, ಇದ್ದದ್ದಕ್ಕಿಂತ ಹೆಚ್ಚು ಮಾರ್ತೇನೆ!" ಎಂದು ನಗುತ್ತಾ ಹೋದಳು.

ಅವಳು ಹೋದ ಮೇಲೆ ನನಗೆ ಹೊಳೆಯಿತು. ನೀನು ದಡ್ಡಿಯಲ್ಲ ಮಗಾ, ನಮ್ಮ ಕಡಲಕರೆಯ ಹುಡುಗಿ, ಅಷ್ಟೇ. ಇಲ್ಲಿ ದೋಣಿ ದಡಕ್ಕೆ ಬಂದರೆ ಮೀನನ್ನೆಲ್ಲ ಒಂದೇ ರಾಶಿ ಹಾಕುತ್ತೇವೆ. ಬಲೆಯ ಪಾಲು, ದೋಣಿಯ ಪಾಲು, ಆಳುಗಳ ಪಾಲು, ಎಲ್ಲವೂ ಆ ಇಡೀ ರಾಶಿಯದ್ದೇ. ಮೊದಲು ತೆಗೆದುಕೊಂಡವನಿಗೂ ಕೊನೆಗೆ ಬಂದವನಿಗೂ ರಾಶಿ ಒಂದೇ. ಹುಟ್ಟಿದಾಗಿನಿಂದ ನೀನು ಕಂಡದ್ದು ಅದು. ಪುಸ್ತಕದವರ ನ್ಯಾಯ ಬೇರೆ. ಅಲ್ಲಿ ಮುಂದಿನವನು ಬಿಟ್ಟದ್ದರಲ್ಲಿ ಹಿಂದಿನವನಿಗೆ ಪಾಲು. ನನಗೆ ಒಪ್ಪಿಗೆಯಿಲ್ಲ, ಆದರೆ ಪರೀಕ್ಷೆ ಅವರದ್ದು.

ಇನ್ನು ಬಿಡಿಸುವ ಬಗೆ. ಮಧ್ಯಾಹ್ನ, ಕಡಲು ನಿದ್ದೆ ಹೋದ ಹೊತ್ತಿನಲ್ಲಿ, ದೋಣಿಯ ನೆರಳಲ್ಲಿ ಕಣ್ಣು ಮುಚ್ಚಿ ಮಲಗಿದೆ. ಮೀನಿನವಳು ಬಂದ ದಾರಿಯಲ್ಲೇ ಹಿಮ್ಮುಖವಾಗಿ ನಡೆಯುವುದು ಕಂಡಿತು. ಹೆಜ್ಜೆಯ ಗುರುತುಗಳು ಅವಳ ಕಾಲಡಿಗೆ ಬಂದು ಒಂದೊಂದಾಗಿ ಅಳಿಯುತ್ತಿದ್ದವು. ಮೂರನೇ ಮನೆಯವಳು ಕೊಂಡ ಮೀನು ಮರಳಿಸಿದಳು. ಬುಟ್ಟಿಯಲ್ಲಿದ್ದ ಆರು, ನಾಲ್ಕರಲ್ಲಿ ಮೂರು ಪಾಲು. ಹಾಗಾದರೆ ಒಂದು ಪಾಲು ಎರಡು, ನಾಲ್ಕೂ ಸೇರಿ ಎಂಟು. ಎರಡನೇ ಮನೆಯಲ್ಲಿ ಆ ಎಂಟು, ಮೂರರಲ್ಲಿ ಎರಡು ಪಾಲು; ಒಂದು ಪಾಲು ನಾಲ್ಕು, ಮೂರೂ ಸೇರಿ ಹನ್ನೆರಡು. ಮೊದಲ ಮನೆಯಲ್ಲಿ ಹನ್ನೆರಡು ಅರ್ಧ, ಇಡೀ ಬುಟ್ಟಿ ಇಪ್ಪತ್ತನಾಲ್ಕು! ಅವಳು ನಿಲ್ಲಲಿಲ್ಲ ಹರಿಣಿ. ಹಿಂದೆ ಹಿಂದೆ ನಡೆದು ನೀರಿನವರೆಗೆ ಹೋದಳು. ಬುಟ್ಟಿಯ ಮೀನುಗಳಿಗೆ ಹೊಳಪು ಬಂತು, ಕಿವಿರು ಆಡಿತು, ಒಂದೊಂದೇ ತೆರೆಯೊಳಗೆ ಜಾರಿದವು. ನಾನು ಎದ್ದಾಗ ಮುಖದ ಮೇಲೆಲ್ಲ ಮರಳು.

ಹಾಗೆ ಮಾಡು. ಕೊನೆಯಲ್ಲಿ ಉಳಿದದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಂದೊಂದೇ ಮನೆಯಾಗಿ ಹಿಂದಕ್ಕೆ ನಡೆ. ಓಡಬೇಡ. ಪರೀಕ್ಷೆಯ ದಿನ ಹೊಟ್ಟೆ ತುಂಬ ಗಂಜಿ ಉಣ್ಣು. ನಿನ್ನ ಕೈಯ ಸೀಮೆಸುಣ್ಣ ಎಂದೂ ಮುಗಿಯದಿರಲಿ.

ನಿನ್ನ ಮಾವ,
ಗಿರಿಯಪ್ಪ

ಮರೆತದ್ದು: ಮೇಲಿನದ್ದನ್ನೆಲ್ಲ ಬರೆದು, ಇದನ್ನು ಬರೆಯಲಿಕ್ಕೆ ಇಷ್ಟು ದಿನ ಆಯಿತು. ಅಕ್ಕನಿಗೆ, ನಿನ್ನಮ್ಮನಿಗೆ, ಆಸ್ಪತ್ರೆಯವರು ಮದ್ದು ನಿಲ್ಲಿಸಿದ್ದಾರೆ. ಮಳೆಗಾಲ ಕಾಣಲಿಕ್ಕಿಲ್ಲ ಎಂದರು. ನಿನಗೆ ತಿಳಿಸಬಾರದೆಂದು ನನ್ನ ತಲೆ ಮುಟ್ಟಿ ಆಣೆ ಹಾಕಿಸಿಕೊಂಡಿದ್ದಾಳೆ, ಆಣೆ ಮುರಿದೆ. ನಿನ್ನ ಕಾಗದ ಬಂದ ದಿನ "ಓದು ತಮ್ಮಾ" ಎಂದಳು. ನೀನು ಬರೆದದ್ದು ಬಾಯಿಗೆ ಬರಲಿಲ್ಲ. "ಹರಿಣಿ ಪಾಸಾದಳು ಅಕ್ಕ, ಕೆಲಸವೂ ಆಯ್ತು" ಎಂದು ಓದಿದೆ. ಚಾಪೆಯಿಂದ ಎದ್ದು ಕೂತಳು. ಮತ್ತೆ ಕೇಳಿದಳು: "ಶಾಲೆಗೆ ಎಂತ ಬಣ್ಣದ ಸೀರೆ ಉಟ್ಟುಕೊಂಡು ಹೋಗ್ತಾಳಂತೆ?" ತಿಳಿ ಹಸಿರು ಎಂದೆ. ಈಗಲೇ ಹೊರಡುತ್ತಿಯೋ, ಪರೀಕ್ಷೆ ಬರೆದು ಅದೇ ಸಂಜೆ ಬಸ್ಸು ಹತ್ತುತ್ತಿಯೋ, ನಾನು ಹೇಳುವುದಿಲ್ಲ. ಯಾವಾಗ ಬಂದರೂ ತಿಳಿ ಹಸಿರು ಸೀರೆ ಉಟ್ಟು ಬಾ. ನಿನ್ನಲ್ಲಿ ಇಲ್ಲದಿದ್ದರೆ ಯಾರದ್ದಾದರೂ ಕೇಳಿ ಉಟ್ಟುಕೋ.