ಕಾಂಟೆಸಾದ ಮೌಂಟಿಂಗ್ ರಬ್ಬರು

ಸೆಪ್ಟೆಂಬರ್ 4, 2007. ಮಂಗಳವಾರ

ಬೆಳಗ್ಗೆ ಅಪ್ಪನ ಸೊಂಟಕ್ಕೆ ಬಿಸಿನೀರಿನ ಚೀಲ, ಆಮೇಲೆ ಕಾಲೇಜಿನಲ್ಲಿ ಪಾಠ, ಆಮೇಲೆ ಕೊಂಡಪ್ಪನ ಗ್ಯಾರೇಜು. ನಮ್ಮ ಹಳೇ ಕಾಂಟೆಸಾ ಕಾರು ಮತ್ತೆ ಕೈಕೊಟ್ಟಿದೆ. ಎಂಜಿನ್ ಕೂರಿಸೋ ಮೌಂಟಿಂಗ್ ರಬ್ಬರು ಎರಡೂ ಕಡೆ ಹರಿದುಹೋಗಿವೆ. ನಿನ್ನೆ ದೇವನಹಳ್ಳಿ ಹತ್ತಿರ ಗೇರ್ ಬದಲಾಯಿಸಿದೆ ಅಷ್ಟೇ — ಎಂಜಿನ್ನು ಬಾನೆಟ್ಟಿನೊಳಗೇ ಎದ್ದು ಕುಣಿಯಿತು. ಹಿಂದಿನ ಸೀಟಿನಲ್ಲಿ ಮಲಗಿದ್ದ ಅಪ್ಪ ಕಿರುಚಿದರು. ಒಂದು ಇಡೀ ಸ್ಕೂಲನ್ನು ಕಣ್ಣಲ್ಲೇ ಸುಮ್ಮನಿರಿಸುತ್ತಿದ್ದ ಹೆಡ್‌ಮೇಷ್ಟ್ರು. ಅವರು ಕಿರುಚಿದ್ದನ್ನು ನಾನು ಈವರೆಗೆ ಕೇಳಿಯೇ ಇರಲಿಲ್ಲ.

ಕ್ಯಾನ್ಸರ್ ಬೆನ್ನುಮೂಳೆಗೆ ಬಂದಿದೆ. ವಾರವಾರ ಬೆಂಗಳೂರಿನ ಆಸ್ಪತ್ರೆಗೆ ಹೋಗಲೇಬೇಕು. ಆಂಬುಲೆನ್ಸ್ ಅಂದರೆ, "ಆ ಕೂಗೋ ಗಾಡಿ ನಾನು ಹತ್ತಲ್ಲ ಕಣಮ್ಮ. ನಮ್ಮ ಗಾಡಿ ಇಲ್ವಾ?" ಇದೆ. ರಿಟೈರ್ ಆದ ವರ್ಷ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯಿಂದ ಕೊಂಡು ತಂದ ಆನೆ!

ಸೆಪ್ಟೆಂಬರ್ 8

ಬೆಂಗಳೂರಲ್ಲಿ ಸ್ಪೇರ್ ಪಾರ್ಟ್ಸ್ ಸಿಗೋ ಜೆ.ಸಿ. ರೋಡ್ ಪೂರ್ತಿ ಸುತ್ತಿದೆ. ಈ ಗಾಡಿ ತಯಾರಾಗೋದೇ ನಿಂತಿದೆ, ಅಂಗಡಿಯವರು ನಗ್ತಾರೆ. ಕೊನೆಗೆ ಸಿಕ್ಕಿದ್ದು ಎರಡು ಥರ. ಒಂದು ಹಳೇ ಸ್ಟಾಕಿನ ರಬ್ಬರು, ಮೆತ್ತಗಿದೆ. ಇನ್ನೊಂದು ಹಳದಿ ಬಣ್ಣದ್ದು, ಕಲ್ಲಿನ ಹಾಗೆ. ರೇಸ್ ಹುಚ್ಚಿನವರು ಹಾಕಿಸೋದಂತೆ. ಕೊಂಡಪ್ಪನಿಗೆ ಫೋನ್ ಮಾಡಿದೆ.

"ಗಟ್ಟೀದೇ ತಗೊಳ್ಳಿ ಮೇಡಂ. ಇನ್ನು ಜನ್ಮದಲ್ಲಿ ಬಿಚ್ಚೋ ಹಂಗಿಲ್ಲ."

ತಗೊಂಡೆ. ನಡುದಾರೀಲಿ ಹರಿಯೋ ಯಾವ ವಸ್ತುವೂ ನನಗೆ ಬೇಡ.

ಸೆಪ್ಟೆಂಬರ್ 10. ಸಂಜೆ

ಹಳದಿ ರಬ್ಬರು ಹಾಕಿಸಿ ಅಪ್ಪನನ್ನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೈವೇನಲ್ಲಿ ಚೆನ್ನಾಗಿತ್ತು. ಹೆಬ್ಬಾಳದ ಜಾಮಿನಲ್ಲಿ ನಿಂತೆವು ನೋಡಿ... ಯಾರಿಗೆ ಹೇಳ್ತಿದ್ದೀನಿ 'ನೋಡಿ' ಅಂತ? ಎಂಜಿನ್ನಿನ ನಡುಕವನ್ನ ಈ ಗಟ್ಟಿ ರಬ್ಬರು ತಡೀಲಿಲ್ಲ, ಎಲ್ಲಾ ಗಾಡಿಯ ಮೈಗೆ ಇಳಿಯಿತು. ಸ್ಟೀರಿಂಗು, ಸೀಟು, ಬಾಗಿಲು ಗಡಗಡ. ಆಫ್ ಮಾಡಿದೆ. ಮತ್ತೆ ಸ್ಟಾರ್ಟ್ ಮಾಡುವಾಗ ಇನ್ನೂ ಜೋರು ಏಟು. ಕನ್ನಡೀಲಿ ನೋಡಿದರೆ ಅಪ್ಪ ಟವೆಲ್ಲು ಕಚ್ಚಿಕೊಂಡಿದ್ದರು. ನಾನು ನೋಡಿದ್ದು ಗೊತ್ತಾಗಿ ಟವೆಲ್ಲು ತೆಗೆದರು.

"ಗಾಡಿ ಈಗ ಗಟ್ಟಿಯಾಯ್ತು ಕಣಮ್ಮ."

ಶಭಾಷ್‌ಗಿರಿ ಬೇರೆ. ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ಸೆಪ್ಟೆಂಬರ್ 25

ಬರೆಯೋ ಮನಸ್ಸಿರಲಿಲ್ಲ. ದಿಂಬು ಇಟ್ಟೆ, ಫೋಮ್ ಹಾಸಿದೆ, ಅಮ್ಮನ ಮದುವೆ ಹಾಸಿಗೆಯನ್ನೂ ಮಡಿಸಿ ಹಾಕಿದೆ. ಏನಿಟ್ಟರೂ ಆ ನಡುಕ ಹುಡುಕಿಕೊಂಡು ಹೋಗಿ ಅದೇ ಮೂಳೆಗೆ ತಾಗುತ್ತೆ. ಟ್ಯಾಕ್ಸಿ ಮಾಡಿದರೆ ಅಪ್ಪ ಕಾಲು ಚಾಚೋಕಾಗಲ್ಲ. ಜೆ.ಸಿ. ರೋಡಿನಲ್ಲಿ ಬಿಟ್ಟುಬಂದ ಮೆತ್ತನೆಯದು ಮಾರಿಹೋಗಿದೆ. ನನಗೆ ಬೇಕಾದದ್ದು ಇಷ್ಟೇ — ಅಪ್ಪನಿಗೆ ನೋವಾಗದ ಹಾಗೆ ಒಂದು ಸಲ ಹೋಗಿಬರೋದು. ಅದೂ ಕೈಯಲ್ಲಾಗ್ತಿಲ್ಲ.

ಅಕ್ಟೋಬರ್ 15. ಸೋಮವಾರ

ಸಿಕ್ಕಿತು! ಚಿಂತಾಮಣಿಯ ಒಂದು ಸ್ಪೇರ್ಸ್ ಅಂಗಡಿಯ ಅಟ್ಟದ ಮೇಲೆ, ಮೆತ್ತನೆಯ ರಬ್ಬರು, ಒಂದೇ ಜೊತೆ. ನಿನ್ನೆ ಕೊಂಡಪ್ಪ ಹಾಕಿಕೊಟ್ಟ. ಇವತ್ತು ಹೆಬ್ಬಾಳದಲ್ಲಿ ನಿಂತಾಗ ತಿರುಗಿ ನೋಡಿದರೆ ಅಪ್ಪ ನಿದ್ದೆ ಹೋಗಿದ್ದರು. ಸ್ಟೀರಿಂಗ್ ಹಿಡಿದುಕೊಂಡು ಅತ್ತೆ. ಹಿಂದಿನವನು ಹಾರನ್ ಹೊಡೆದ. ಹೊಡೀಲಿ.

ಹೋದ ತಿಂಗಳು ಬಿಚ್ಚಿದ ಹಳೇ ಹರಿದ ರಬ್ಬರನ್ನ ಕೊಂಡಪ್ಪ ನಿನ್ನೆ ತೋರಿಸಿದ. ಊದಿಕೊಂಡು ಪಿಚಪಿಚ ಅಂತಿತ್ತು. "ಆಯುಧಪೂಜೆಗೆ ಮೇಷ್ಟ್ರು ಡೀಸೆಲ್ಲಲ್ಲಿ ಒರೆಸಿ ಆಯಿಲ್ ಸವರ್ತಾರಲ್ಲ ಮೇಡಂ, ಅದು ಕುಡಿದು ಹಿಂಗಾಗಿರೋದು. ಈ ಹೊಸದಕ್ಕೆ ಸೋಕಿಸಬೇಡಿ. ಇದು ಹೋದ್ರೆ ಇನ್ನು ಸಿಗಲ್ಲ."

ಅಕ್ಟೋಬರ್ 20. ಆಯುಧಪೂಜೆ

ಅಪ್ಪ ಕುರ್ಚಿ ಹೊರಗೆ ಹಾಕಿಸಿಕೊಂಡರು. ಅಮ್ಮ, ನಾನು ಸೇರಿ ಎತ್ತಿ ಕೂರಿಸಿದೆವು. ಬಾನೆಟ್ ಎತ್ತು ಅಂದರು. ತೊಡೆ ಮೇಲೆ ಬಟ್ಟೆ, ಆಯಿಲ್ ಡಬ್ಬಿ. ಮುಖ ನೋಡಿದರೆ ಕಾಯಿಲೆಯವರ ಮುಖ ಅಲ್ಲ.

"ಅಪ್ಪ, ರಬ್ಬರಿಗೆ ಮಾತ್ರ ಬೇಡ. ಎಣ್ಣೆ ತಾಗಿದ್ರೆ ಹಾಳಾಗುತ್ತಂತೆ."

"ಪೂಜೆ ದಿನ ಯಾವುದನ್ನೂ ಬಿಡಬಾರದಮ್ಮ. ತಾಗಿದ್ರೆ ಎಷ್ಟು ದಿನ ಬರುತ್ತಂತೆ?"

"ಒಂದು ವರ್ಷ ಬಂದ್ರೆ ಹೆಚ್ಚಂತೆ."

ನಕ್ಕರು. ನಿಜವಾಗಿ ನಕ್ಕರು.

"ಒಂದು ವರ್ಷಾನಾ! ಅಷ್ಟೆಲ್ಲಾ ಯಾತಕ್ಕಮ್ಮ."

ಅವರ ಕೈ ರಬ್ಬರಿನವರೆಗೆ ಎಟುಕಲಿಲ್ಲ. ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ನನ್ನ ಕೈಗೆ ಕೊಟ್ಟರು. ಬೇಡ ಅನ್ನಬೇಕಿತ್ತು. ಇನ್ನೂ ಎಷ್ಟೋ ವರ್ಷ ಓಡಿಸಬೇಕು ಅಪ್ಪ ಅಂತ ಹೇಳಬೇಕಿತ್ತು. ಬಗ್ಗಿ ಸವರಿದೆ. "ಆ ಕಡೇದಕ್ಕೂ" ಅಂದರು. ಆ ಕಡೇದಕ್ಕೂ...