ಸಂಜೆ ನಾಲ್ಕರಿಂದ ಐದರವರೆಗೆ

ಅಮ್ಮಾ,

ಫೋನಿನಲ್ಲೇ ಕೇಳಿಬಿಡೋಣವೆಂದು ಮೂರು ಸಲ ನಂಬರು ಒತ್ತಿ, ಮೂರು ಸಲವೂ ನಾನೇ ಕಟ್ ಮಾಡಿದೆ. ನಗಬೇಕೋ, ನಿನ್ನ ಮೇಲೆ ರೇಗಬೇಕೋ ತಿಳಿಯದೆ ಲ್ಯಾಬಿನಲ್ಲಿ ಕೂತು ಈ ಕಾಗದ ಬರೆಯುತ್ತಿದ್ದೇನೆ.

ನಿನ್ನ ಎದೆಗೆ ನಾನೇ ಕಟ್ಟಿದ ಸೆನ್ಸರ್ ಪಟ್ಟಿಯ ವಿಷಯ. ನಿನ್ನ ಹೃದಯದ ಬಡಿತವನ್ನು ದಿನವಿಡೀ ಸೊಂಟದ ಪುಟ್ಟ ಪೆಟ್ಟಿಗೆಗೆ, ಅಲ್ಲಿಂದ ನನ್ನ ಪರದೆಗೆ ಕಳಿಸುವ ಅದು, ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಕೈಕೊಡುತ್ತಿತ್ತು. ಎರಡು ಸಲ ಪಟ್ಟಿ ಬದಲಿಸಿದೆ. ಬ್ಯಾಟರಿಗೆ ಬೈದೆ, ನಿನಗೂ ಬೈದೆ. "ಸ್ನಾನಕ್ಕೆ ತೆಗೆದಿದ್ದೆ ಕಣೇ" ಅಂದೆ ನೀನು. ನೀನು ಸಂಜೆ ಸ್ನಾನ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ, ಆದರೂ ನಂಬಿದೆ.

ನಿನ್ನೆ, ಅಪ್ಪನಿಗೂ ಕಟ್ಟಿದ್ದ ಪಟ್ಟಿಯ ದಾಖಲೆ ತೆರೆದೆ. ಹನ್ನೊಂದು ವರ್ಷದಿಂದ ನಿನ್ನಿಂದ ಬೇರೆಯಾಗಿ, ಊರಿನ ಆ ತುದಿಯಲ್ಲಿರುವ ಅಪ್ಪ. ಅವರದೂ ಅದೇ ನಿಮಿಷಗಳಲ್ಲಿ ಖಾಲಿ! ಹಿಂದೊಮ್ಮೆ ಕೇಳಿದಾಗ "ಮಲಗಿದಾಗ ಜಾರಿರಬೇಕು ಬಿಡು ಮಗಳೇ" ಅಂದಿದ್ದರು. ಇಂಥ ಎರಡು ಪಟ್ಟಿಗಳು ಅಕ್ಕಪಕ್ಕ ಬಂದು ಒಟ್ಟಿಗೆ ಮಾತಾಡಿದರೆ ಪೆಟ್ಟಿಗೆಗೆ ಎರಡರದೂ ಕೇಳುವುದಿಲ್ಲ. ಆ ಗಲಾಟೆ ತಪ್ಪಿಸುವುದೇ ನನ್ನ ಹೊಟ್ಟೆಪಾಡು. ಆದರೂ ನೀವಿಬ್ಬರು ಅಕ್ಕಪಕ್ಕ ಕೂರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಇಷ್ಟು ವರ್ಷ ನಾನು ನಿಮ್ಮಿಬ್ಬರ ಅಂಚೆಯವಳು. "ನಿಮ್ಮಪ್ಪನಿಗೆ ಹೇಳು, ಮಾತ್ರೆ ಮರೀಬಾರದು ಅಂತ." "ನಿಮ್ಮಮ್ಮನಿಗೆ ಹೇಳು, ಮೆಟ್ಟಿಲು ಹತ್ತೋದು ಬೇಡ." ಕಳೆದ ವಾರವೂ ಅಪ್ಪನ ಮಾತು ಹೊತ್ತು ತಂದೆನಲ್ಲ! ನೀನು ಏನೂ ಅರಿಯದವಳಂತೆ ತಲೆಯಾಡಿಸಿದೆ. ಎಂದಿನಿಂದ ಇದು? ನನಗೇಕೆ ಹೇಳಲಿಲ್ಲ? ನಾಚಿಕೆಯೇ, ಅಥವಾ ನಾನು ವಿಪರೀತ ಖುಷಿಪಟ್ಟುಬಿಡುತ್ತೇನೆಂಬ ಭಯವೇ? ಖುಷಿಯಾಗಿದೆ, ನಿಜ. ಜೊತೆಗೆ ಹೊಟ್ಟೆಕಿಚ್ಚೂ ಆಗುತ್ತಿದೆ, ಯಾಕೋ ಗೊತ್ತಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಬುಧವಾರ ನಿನಗೆ ತಲೆಸುತ್ತು ಬಂದದ್ದು ನಾಲ್ಕೂವರೆಗೆ. ಆಗ ನಿನ್ನ ಹೃದಯ ಏನು ಮಾಡುತ್ತಿತ್ತೆಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನನಗೆ ಹೆದರಿಕೆಯಾಗಿದೆ ಅಮ್ಮ.

ಉಪಾಯವಿದೆ. ಒಂದು ಪಟ್ಟಿ ಮಾತಾಡುವಾಗ ಇನ್ನೊಂದು ಸುಮ್ಮನಿದ್ದು ತನ್ನ ಸರದಿಗೆ ಕಾಯುವಂತೆ ಕಲಿಸಬೇಕು. ಹಿಂದೆ ನಮ್ಮ ಮನೆಯಲ್ಲಿ ಯಾರಿಗೂ ಬಾರದಿದ್ದ ವಿದ್ಯೆ ಇದು. ಈಗ ನೀವಿಬ್ಬರೂ ಕಲಿತಿದ್ದೀರೋ ಏನೋ. ಪಟ್ಟಿಗಳಿಗೆ ಕಲಿಸಲು ಮಾತ್ರ ಎರಡೂ ನನ್ನ ಮೇಜಿನ ಮೇಲೆ ಒಟ್ಟಿಗಿರಬೇಕು.

ಹಾಗಾಗಿ ಭಾನುವಾರ ಬೆಳಿಗ್ಗೆ ಬರುವಾಗ ಎರಡನ್ನೂ ನಿನ್ನ ಚೀಲದಲ್ಲಿ ಹಾಕಿಕೊಂಡು ಬಾ. ಎರಡನೆಯದು ನಿನ್ನ ಕೈಗೆ ಹೇಗೆ ಬಂತೆಂದು ನಾನು ಕೇಳುವುದಿಲ್ಲ. ಸಂಜೆ ನಾಲ್ಕರೊಳಗೆ ಸರಿಮಾಡಿ ಕಳಿಸಿಕೊಡುತ್ತೇನೆ.

ನಿಮ್ಮಿಬ್ಬರ ಎದೆಯೂ ನೂರು ಕಾಲ ನೆಟ್ಟಗೆ ಬಡಿಯಲಿ.

ಕೆಲಸ ಹೋದ ಅಂಚೆಯವಳು,
ನಿನ್ನ ಮಗಳು